ಶಾನುಭೋಗ, ಪೈಲ್ವಾನ್ ಮತ್ತು ಅಮ್ಮನ ಸೊಂಟ

ಪಾವಗಡದ ಅತ್ತೆ ನಮ್ಮ ಮನೆಯಿಂದ ಹೊರಟು ಇನ್ನೂ ಗೇಟು ದಾಟುವ ಮುಂಚೆಯೇ ಅವರ ಬೆನ್ನ ಹಿಂದೆ ಮನೆ ಗುಡಿಸಿಸಿದವನು ನಾನು. ಊರಿಗೆ ಹೊರಟವರ ಬೆನ್ನಲ್ಲೇ ಪೊರಕೆ ಮುಟ್ಟಬಾರದು, ಹೋದವರು ಊರು ಮುಟ್ಟುವಷ್ಟು ಹೊತ್ತಾದರೂ ಕಾಯಬೇಕು, ಹೆಣ ಎತ್ತಿದ ಮನೆಯನ್ನು ಮಾತ್ರ ಹಾಗೆ ಕೂಡಲೇ ಗುಡಿಸುವುದು ಅನ್ನುವುದು ನಮ್ಮ ಬೀದಿಯ ಮೂರು ವರ್ಷದ ಮಗುವಿಗೂ ಗೊತ್ತು. ನನಗೂ ಗೊತ್ತಿತ್ತು. ಮರೆತೆ. ಗುಡಿಸಿಸಿದ್ದು ಸಾಲದು ಅಂತ ಅತ್ತೆಯದೇ ದನಿಯಲ್ಲಿ ಗುಡಿಸಿಸಿದೆ. ಇದಿಷ್ಟು ನನ್ನ ತಪ್ಪು. ಬರೆದು ಸಹಿ ಹಾಕಿಕೊಡು ಅಂದರೂ ಹಾಕಿಕೊಡುತ್ತೇನೆ. ಕ್ಷಮೆ ಕೇಳು ಅಂದರೆ ಮಾತ್ರ ಕೇಳುವುದಿಲ್ಲ. ಯಾಕೆ ಅಂತ ನೀವು ಪೂರ್ತಿ ಓದಿದ ಮೇಲೂ ಕೇಳಬೇಕು ಅನ್ನಿಸಿದರೆ, ನಮ್ಮ ಮನೆಗೆ ಬನ್ನಿ, ಒಂದು ದಿನ ಪೊರಕೆ ಹಿಡಿಯಿರಿ, ಆಮೇಲೆ ಮಾತಾಡೋಣ.

ನಾನು ಮಂಜ. ಹಗಲು ಹೊತ್ತು ಮಧುಗಿರಿಯ ಒಂದು ಅಂಗಡಿಯಲ್ಲಿ ಮಿಕ್ಸಿ, ಫ್ರಿಜ್ಜು, ಫ್ಯಾನು ಮಾರುತ್ತೇನೆ. ಮದುವೆ, ಗಣೇಶನ ಹಬ್ಬ, ಶಾಲೆಯ ವಾರ್ಷಿಕೋತ್ಸವಗಳಲ್ಲಿ ಮಿಮಿಕ್ರಿ ಮಾಡುತ್ತೇನೆ. ಕರೆದರೆ ಮಾಡುತ್ತೇನೆ, ಕರೆಯದಿದ್ದರೆ ಊಟದ ಪಂಕ್ತಿಯಲ್ಲಿ ಪಕ್ಕದವರಿಗೆ ಮಾಡುತ್ತೇನೆ. ಘಾಟಿ ಹತ್ತುವ ಬಸ್ಸಿನ ಗೇರು, ನಮ್ಮ ಹೈಸ್ಕೂಲಿನ ಹೆಡ್‌ಮಾಸ್ಟರು ಮೂಗಿನಲ್ಲಿ ಹೇಳುತ್ತಿದ್ದ ಪ್ರಾರ್ಥನೆ, ಪಂಚಾಯ್ತಿ ಸಭೆಯಲ್ಲಿ ಮೈಕು ಬಿಡದ ಅಧ್ಯಕ್ಷರು, ಯಾರನ್ನೂ ಬಿಟ್ಟಿಲ್ಲ. ಇದರ ಫಲ ಏನಾಗಿದೆಯೆಂದರೆ ನನ್ನ ಸ್ವಂತ ದನಿ ಯಾವುದು ಅಂತ ನಮ್ಮ ಮನೆಯಲ್ಲೇ ಯಾರಿಗೂ ಖಾತ್ರಿಯಿಲ್ಲ. ಒಂದು ಸಲ ಜ್ವರ ಬಂದು ಮಲಗಿ ನಿಜವಾಗಿ ನರಳುತ್ತಿದ್ದಾಗ ಅಪ್ಪ ಬಾಗಿಲಲ್ಲಿ ನಿಂತು, ಇದು ಯಾರದು, ಎದುರು ಮನೆ ತಾತನದಾ ಅಂತ ಕೇಳಿದ್ದರು.

ನಾನು ಕಲಿತ ಮೊದಲ ಮಿಮಿಕ್ರಿ ಪೊರಕೆಯದು. ಅಮ್ಮನ ತವರು ದೊಡ್ಡೇರಿ. ಬೇಸಿಗೆ ರಜೆಗೆ ಅಲ್ಲಿಗೆ ಹೋದರೆ ನನಗೆ ಎಚ್ಚರವಾಗುತ್ತಿದ್ದುದು ಕೋಳಿ ಕೂಗಿಗಲ್ಲ, ಪೊರಕೆಯ ಸದ್ದಿಗೆ. ಅಂಗಳಕ್ಕೆ ಈಚಲ ಪೊರಕೆ, ಒಳಗೆ ಹುಲ್ಲಿನ ಪೊರಕೆ, ಕೊಟ್ಟಿಗೆಗೆ ಇವೆರಡರ ಪೈಕಿ ಸವೆದು ಮೋಟಾದದ್ದು. ಈಚಲದ್ದು ಜರ್ರ್ ಜರ್ರ್, ಹುಲ್ಲಿನದು ಸುಯ್ ಸುಯ್. ಕೌದಿಯೊಳಗೆ ಕಣ್ಣು ಮುಚ್ಚಿಕೊಂಡೇ ಯಾವ ಮನೆ ಮುಂದೆ ಯಾರು ಗುಡಿಸುತ್ತಿದ್ದಾರೆ ಅಂತ ಹೇಳುತ್ತಿದ್ದೆ. ಸಿಟ್ಟು ಬಂದವರ ಪೊರಕೆ ನೆಲಕ್ಕೆ ಹೊಡೆಯುತ್ತದೆ. ಸೋಮಾರಿಯ ಪೊರಕೆ ನೆಲವನ್ನು ಮಾತಾಡಿಸಿ ಹೋಗುತ್ತದೆ. ಎದುರು ಮನೆಯ ಹೊಸ ಸೊಸೆಯದು ಅವಳ ಅತ್ತೆ ಬಾಗಿಲಿಗೆ ಬಂದಾಗ ಜೋರಾಗಿ, ಒಳಗೆ ಹೋದಾಗ ಮಲಗಿಬಿಡುತ್ತಿತ್ತು. ಅದನ್ನೆಲ್ಲ ನಾನು ಬಾಯಲ್ಲಿ ಮಾಡಿ ತೋರಿಸಿದರೆ ಅಜ್ಜಿ ನಕ್ಕು ನಕ್ಕು, ಕೊನೆಗೆ ಅದೇ ಪೊರಕೆಯಿಂದ ನನಗೊಂದು ಬಿಡುತ್ತಿದ್ದರು.

ಅಮ್ಮನ ಪೊರಕೆಗೆ ಒಂದು ತಾಳವಿತ್ತು. ಸುಯ್, ಸುಯ್, ಸುಯ್, ಆಮೇಲೆ ಹಿಡಿಯ ತುದಿಯನ್ನು ಅಂಗೈಗೆ ಟಪ್ ಅಂತ ಕುಟ್ಟಿ ಕಡ್ಡಿ ಸರಿಮಾಡಿಕೊಳ್ಳುವುದು. ಮತ್ತೆ ಮೂರು ಸುಯ್, ಒಂದು ಟಪ್. ದಿನಕ್ಕೆ ಮೂರು ಹೊತ್ತು. ಯಾಕೆಂದರೆ ಅಪ್ಪ ಟೈಲರ್, ನಮ್ಮ ಮನೆಯ ಪಡಸಾಲೆಯೇ ಅವರ ಅಂಗಡಿ. ಅವರು ಹೊಲಿಗೆ ಮಿಷನ್ನಿನ ಮುಂದೆ ಕೂತರೆ ಸಾಕು, ದಾರದ ತುಂಡು, ಬಟ್ಟೆಯ ಚೂರು, ಚಾಕ್‌ಪುಡಿ ಮನೆಯೆಲ್ಲ ನಡೆದಾಡುತ್ತವೆ. ನಮ್ಮ ಮನೆಯ ಸಾಂಬಾರಿನಲ್ಲಿ ಕರಿಬೇವಿಗಿಂತ ಹೆಚ್ಚು ಸಲ ನೀಲಿ ದಾರ ಸಿಕ್ಕಿದೆ.

ಆ ತಾಳವನ್ನು ಕೊರಟಗೆರೆಯ ಒಂದು ಮದುವೆಯಲ್ಲಿ ಸ್ಟೇಜಿನ ಮೇಲೆ ಮಾಡಿದೆ. ಮೂರು ಸುಯ್, ಒಂದು ಟಪ್, ಆಮೇಲೆ ‘ಉಸ್ಸಪ್ಪಾ’. ಈ ಉಸ್ಸಪ್ಪಾ ಈಚೆಗೆ ಸೇರಿದ್ದು. ಗಿಣಿ ಯೋಚನೆ ಮಾಡುತ್ತದೆಯೇ? ಕಿವಿಗೆ ಬಿದ್ದದ್ದನ್ನು ಬಾಯಿಗೆ ತಂದೆ. ಮಂಟಪಕ್ಕೆ ಮಂಟಪವೇ ನಕ್ಕಿತು. ಒನ್ಸ್ ಮೋರ್ ಅಂದರು. ಇನ್ನೊಂದು ಸಲ ಮಾಡುತ್ತ ಕೆಳಗೆ ನೋಡಿದೆ. ಮೂರನೇ ಸಾಲಿನಲ್ಲಿ ಅಮ್ಮನೂ ನಗುತ್ತಿದ್ದಳು. ನಗುತ್ತ ನಗುತ್ತ ಎಡಗೈಯಲ್ಲಿ ಸೊಂಟ ಒತ್ತಿ ಹಿಡಿದುಕೊಂಡಿದ್ದಳು. ಆರು ತಿಂಗಳಿನಿಂದ ಆ ಸದ್ದನ್ನು ಕಲಿಯುತ್ತಿದ್ದೆನೇ ಹೊರತು ಅದು ಏನು ಅಂತ ನನಗೆ ಕೇಳಿಸಿರಲಿಲ್ಲ. ಊರಿನವರಿಗೆಲ್ಲ ನಗಲು ಕೊಟ್ಟ ಮೇಲೆ ಕೇಳಿಸಿತು.

ಡಾಕ್ಟರು ಬಗ್ಗಬೇಡಿ ಅಂದರು. ಕುಕ್ಕರಗಾಲಲ್ಲಿ ಕೂರಬೇಡಿ, ನೆಲ ಒರೆಸಬೇಡಿ ಅಂದರು. ಅಮ್ಮ ಎಲ್ಲದಕ್ಕೂ ಹೂಂ ಅಂದು ಮನೆಗೆ ಬಂದು, ಬಾಗಿಲ ಹಿಂದಿನ ಪೊರಕೆ ತೆಗೆದುಕೊಂಡು ಬಗ್ಗಿದಳು.

ನೀನೇ ಗುಡಿಸಬಹುದಿತ್ತಲ್ಲ ಅಂತ ನೀವು ಕೇಳುತ್ತೀರಿ. ಗುಡಿಸಿದೆ, ನಾಲ್ಕು ದಿನ. ನಾನು ಗುಡಿಸಿ ಅಂಗಡಿಗೆ ಹೋದ ಮೇಲೆ ಅಮ್ಮ ಅದೇ ನೆಲವನ್ನು ಮತ್ತೆ ಗುಡಿಸುತ್ತಿದ್ದಳು. ಅಷ್ಟೇ ಅಲ್ಲ, ನಾನು ಮಂಚದ ಕೆಳಗೆ ತಳ್ಳಿದ್ದನ್ನು ಹೊರಗೆ ಎಳೆಯಲು ಇನ್ನಷ್ಟು ಬಗ್ಗುತ್ತಿದ್ದಳು. ಐದನೆಯ ದಿನ ಪೊರಕೆಯನ್ನು ನನ್ನ ಕೈಯಿಂದ ತೆಗೆದುಕೊಂಡು, “ನಿನ್ ಉಪ್ಕಾರದಿಂದ ಒಂದ್ಸಲ ಬಗ್ಗೋಳು ಎರಡ್ಸಲ ಬಗ್ಗಂಗಾಯ್ತು ಕಣ್ಲಾ, ಬುಟ್ಬುಡು” ಅಂದಳು. ಅಪ್ಪನನ್ನು ಯಾಕೆ ಕೇಳಲಿಲ್ಲ ಅಂತ ಕೇಳಬೇಡಿ. ಅಪ್ಪನಿಗೆ ಪೊರಕೆ ಎಲ್ಲಿದೆ ಅಂತಲೇ ಗೊತ್ತಿಲ್ಲ. ಮೂವತ್ತು ವರ್ಷದಿಂದ ಅದು ಒಂದೇ ಬಾಗಿಲ ಹಿಂದೆ ಇದೆ.

ಇಂಥ ಹೊತ್ತಿನಲ್ಲಿ ನಮ್ಮ ಯಜಮಾನರು ನಜೀರ್ ಭಾಯ್ ಸಿರಾದಿಂದ ಎರಡು ದೊಡ್ಡ ಡಬ್ಬ ಕಳಿಸಿದರು. ಅವರ ದೊಡ್ಡ ಅಂಗಡಿ ಇರುವುದು ಸಿರಾದಲ್ಲಿ, ಮಧುಗಿರಿಯದು ಮರಿ. ಡಬ್ಬದಲ್ಲಿದ್ದುದು ತಾನೇ ಗುಡಿಸಿ ತಾನೇ ಒರೆಸುವ ರೋಬೋಟುಗಳು, ಎರಡು ಬೇರೆ ಬೇರೆ ಕಂಪನಿಯವು, ಎರಡೂ ಆಯಾ ಕಂಪನಿಯ ಅತಿ ದುಬಾರಿ ಮಾಲು. ಬೆಲೆ ಕೇಳಿದ ಗಿರಾಕಿಗಳು ಮಿಷನ್ನನ್ನೂ ನನ್ನನ್ನೂ ಒಂದೇ ಥರ ನೋಡಿ ಹೋಗುತ್ತಿದ್ದರು. ಭಾಯ್ ಫೋನಿನಲ್ಲಿ, “ಬೇಟಾ, ನಮ್ ಕಡೆ ಜನಕ್ಕೆ ಭರೋಸಾ ಬೇಕು. ಎರಡೂ ಮನೇಗ್ ಒಯ್ದು ಒಂದ್ ತಿಂಗ್ಳು ಓಡ್ಸು. ಯಾವುದು ಅಸಲಿ ಕೆಲಸ ಮಾಡ್ತೈತೆ, ಯಾವುದು ಬರೀ ಶೋಕಿ, ನಂಗೆ ಹೇಳು. ಬೇಕಾದ್ರೆ ಒಂದು ನೀನೇ ಇಟ್ಕೋ, ಡಬ್ಬ ಒಡೆದಿದ್ದಕ್ಕೆ ಕಮ್ಮಿ ಹಾಕ್ತೀನಿ” ಅಂದರು. ಬೇಕು ಅಂತ ನಾನು ಅಲ್ಲೇ ಹೇಳಿಬಿಟ್ಟೆ. ಮನೆಯಲ್ಲಿ ಕೇಳಿರಲಿಲ್ಲ.

ಬಿಳಿಯದಕ್ಕೆ ಶಾನುಭೋಗ ಅಂತ ಹೆಸರಿಟ್ಟೆ. ಅದರ ತಲೆಯ ಮೇಲೆ ಪೇಟದ ಹಾಗೆ ಒಂದು ಗುಂಡು ಗೋಪುರ, ಅದರೊಳಗೆ ಏನೋ ಗಿರಗಿರ ತಿರುಗುತ್ತದೆ. ಮೊದಲ ದಿನ ಒಂದು ಕಸವನ್ನೂ ಮುಟ್ಟದೆ ಗೋಡೆ ಗೋಡೆಗೆ ಓಡಾಡಿ ಮನೆಯ ಅಳತೆ ಮಾಡಿ ಫೋನಿಗೆ ನಕ್ಷೆ ಕಳಿಸಿತು. ನಮ್ಮ ಮನೆ ಇಷ್ಟು ಚಿಕ್ಕದು ಅಂತ ನನಗೆ ತಿಳಿದದ್ದೇ ಅವತ್ತು. ಕಪ್ಪನೆಯದು ಪೈಲ್ವಾನ್. ಮುಂದೆ ಎರಡು ಕ್ಯಾಮೆರಾ ಕಣ್ಣು, ಹೊಟ್ಟೆಯ ಕೆಳಗೆ ಒದ್ದೆ ಬಟ್ಟೆ ಸುತ್ತಿದ ಉರುಳೆ, ಮೂಲೆ ಬಂದರೆ ಹೊರಚಾಚುವ ಒಂದು ತೋಳು, ಅಡ್ಡ ಬಂದದ್ದನ್ನು ಹತ್ತುವುದಕ್ಕೆ ಸಣ್ಣ ಕಾಲು. ಎರಡಕ್ಕೂ ಸಣ್ಣ ಫ್ರಿಜ್ಜಿನಷ್ಟು ದೊಡ್ಡ ಗೂಡು. ಕೆಲಸ ಮುಗಿಸಿ ಅದಕ್ಕೆ ಹಿಂತಿರುಗಿ ಕಸ ಖಾಲಿ ಮಾಡಿ, ತಮ್ಮ ಬಟ್ಟೆ ತಾವೇ ತೊಳೆದುಕೊಂಡು, ಬಿಸಿ ಗಾಳಿಯಲ್ಲಿ ಒಣಗಿಸಿಕೊಳ್ಳುತ್ತವೆ. ದುಡಿದು ಬಂದು ತನ್ನ ಬಟ್ಟೆ ತಾನೇ ಒಗೆದುಕೊಳ್ಳುವ ಗಂಡಸನ್ನು ನಮ್ಮ ಮನೆ ನೋಡಿದ್ದು ಅದೇ ಮೊದಲು.

ಇಂಥ ಮಿಷನ್ನುಗಳನ್ನು ಹೋಲಿಸಿ ನೋಡುವವರು ಕಂಪ್ಯೂಟರಿನಲ್ಲಿ ಏನೇನೋ ಲೆಕ್ಕ ಕೊಡುತ್ತಾರೆ. ನನ್ನ ಪರೀಕ್ಷೆಯ ಮೊದಲ ಪೇಪರು ಅಪ್ಪನ ದಾರ. ಶಾನುಭೋಗ ಉತ್ಸಾಹದಿಂದ ಎಲ್ಲ ದಾರವನ್ನೂ ನುಂಗಿ ಅರ್ಧ ಗಂಟೆಯಲ್ಲಿ ಬ್ರಷ್ಷಿಗೆ ಸುತ್ತಿಕೊಂಡು ಉಸಿರುಗಟ್ಟಿ ನಿಂತಿತು. ಅಪ್ಪ ಅದನ್ನು ಮಗುಚಿ ನೋಡಿ, ನನ್ನ ಬಾಬಿನ್ನಿಗಿಂತ ಇದರಲ್ಲಿ ಚೆನ್ನಾಗಿ ಸುತ್ತಿಕೊಂಡಿದೆ ಅಂತ ಮೆಚ್ಚಿದರು. ಪೈಲ್ವಾನಿನ ಬ್ರಷ್ಷು ನಡುವೆ ಸೀಳಿದಂತಿದೆ, ದಾರ ಅಲ್ಲಿಂದ ಜಾರಿ ಹೊಟ್ಟೆಗೆ ಹೋಯಿತು. ಎರಡನೆಯದು ನಮ್ಮ ನೆಲ. ಹಳೆಯ ಕೆಂಪು ಗಾರೆ, ಗೋಡೆಯಂಚಿಗೆ ಗೇಣಗಲ ಕಪ್ಪು ಪಟ್ಟಿ. ಶಾನುಭೋಗನಿಗೆ ಆ ಕಪ್ಪು ಪಟ್ಟಿ ಹಳ್ಳದ ಹಾಗೆ ಕಂಡಿತು. ಬಾವಿಯ ಕಟ್ಟೆಗೆ ಬಂದವನಂತೆ ಬಂದು, ಬೆಚ್ಚಿ, ಹಿಂದಕ್ಕೆ ಹೋಗುತ್ತಿತ್ತು. ಕಸವೆಲ್ಲ ಇರುವುದು ಗೋಡೆಯಂಚಿನಲ್ಲಿ, ಇದು ನಡುಮನೆಯನ್ನು ಐದು ಸಲ ಒರೆಸುತ್ತಿತ್ತು. ಪೈಲ್ವಾನಿಗೆ ಆ ಭಯವಿರಲಿಲ್ಲ. ಆಮೇಲೆ ಹುಣಸೆಹಣ್ಣು. ಬೀಜ ಬಿಡಿಸುವ ಕಾಲ, ನೆಲಕ್ಕೆ ನಾರು, ಸಿಪ್ಪೆ, ಅಂಟು. ಶಾನುಭೋಗ ತನ್ನ ಎರಡು ತಿರುಗುವ ಬಟ್ಟೆಯಿಂದ ಅದನ್ನು ಮನೆಯೆಲ್ಲ ಸಮನಾಗಿ ಹಂಚಿತು, ಕಾಲಿಟ್ಟಲ್ಲೆಲ್ಲ ಗೊಜ್ಜು. ಪೈಲ್ವಾನ್ ಉರುಳೆಯನ್ನು ಆಗಾಗ ತೊಳೆದುಕೊಳ್ಳುತ್ತ ಮೂರು ಸುತ್ತಿಗೆ ಗೆದ್ದಿತು. ಬೋರ್‌ವೆಲ್ ನೀರು ಹಾಕಿದರೆ ಮಾತ್ರ ಎರಡೂ ಒಂದೇ, ಒಣಗಿದ ಮೇಲೆ ನೆಲಕ್ಕೆ ವಿಭೂತಿ ಬಳಿದಂತೆ ಬಿಳಿ ಗೆರೆ. ಕುಡಿಯುವ ನೀರನ್ನೇ ಹಾಕಬೇಕಾಯಿತು.

ಕೊನೆಯದು ಹೊಸ್ತಿಲು. ನಮ್ಮದು ಮರದ ಎತ್ತರದ ಹೊಸ್ತಿಲು, ಅಮ್ಮ ದಿನವೂ ಅರಿಶಿನ ಕುಂಕುಮ ಇಡುತ್ತಾಳೆ. ಶಾನುಭೋಗ ಅದರ ಮುಂದೆ ನಿಂತು, ಕೈಮುಗಿದಂತೆ ಒಂದು ಗಳಿಗೆ ತಡೆದು, ಹಿಂತಿರುಗಿತು. ಪೈಲ್ವಾನ್ ಕಾಲು ಚಾಚಿ ಹೊಸ್ತಿಲ ಮೇಲೆ ಹತ್ತಿ ಕೂತಿತು. ಅಮ್ಮ ಗಾಬರಿಯಾದಳು. ಆಮೇಲೆ ಫೋನಿನ ನಕ್ಷೆಯಲ್ಲಿ ಅಲ್ಲೊಂದು ಗೆರೆ ಎಳೆದು, ಇದನ್ನು ದಾಟಬೇಡ ಅಂತ ಹೇಳಬಹುದು ಅಂತ ಗೊತ್ತಾಯಿತು. ಎಳೆದೆ. ಮಾತು ಕೇಳಿತು, ಸುಮಾರಾಗಿ.

ಎದುರು ಮನೆಯವರು ಬಂದು ನೋಡಿ, ಇದೆಲ್ಲ ಬೆಂಗಳೂರಿನವರಿಗೆ ಸರಿ, ಮಧುಗಿರಿಯಲ್ಲಿ ಯಾಕಪ್ಪ ಅಂದರು. ಬೆಂಗಳೂರಿನವರಿಗೆ ಮಾತ್ರ ಸೊಂಟವಿದೆಯೇ? ನಮ್ಮ ಕಡೆ ಹೆಂಗಸರಿಗೆ ಕುತ್ತಿಗೆಯಿಂದ ನೇರ ಕಾಲೇ? ಈ ಊರಿನ ಬಂಡೆ ಬೆಟ್ಟದ ಬಿಸಿಗಾಳಿ ಹೊತ್ತು ತರುವ ಧೂಳಿನ ಮುಂದೆ ಬೆಂಗಳೂರಿನ ಧೂಳು ಯಾವ ಮೂಲೆಗೆ? ಹೀಗೆ ನಾನು ಅವರದೇ ದನಿಯಲ್ಲಿ ಅವರಿಗೇ ಕೇಳಿದೆ. ಅವರು ಮತ್ತೆ ನಮ್ಮ ಮನೆಗೆ ಬಂದಿಲ್ಲ.

ಅಮ್ಮ ಎರಡು ವಾರ ಕುರ್ಚಿಯ ಮೇಲೆ ಕಾಲೆತ್ತಿ ಕೂತು ನೋಡುತ್ತಿದ್ದಳು. ಒಂದು ಬೆಳಗ್ಗೆ ಏಳು ಗಂಟೆಗೆ ಲೋಟ ಹಿಡಿದು ಕೂತು ಕಾಫಿ ಕುಡಿದಳು. ಬಾಯಿ ಸುಟ್ಟುಕೊಂಡಳು. ಮದುವೆಯಾದಾಗಿನಿಂದ ಆರಿದ ಕಾಫಿ ಕುಡಿದೇ ಅಭ್ಯಾಸ, ಬಿಸಿಯದರ ಅಳತೆ ಗೊತ್ತಿರಲಿಲ್ಲ. ಮಾರನೆಯ ದಿನದಿಂದ ಪೈಲ್ವಾನನ್ನು ಗದರಿಸಲು ಶುರು ಮಾಡಿದಳು: ಆ ಮೂಲೆ ಬುಟ್ಟೆ ನೋಡು, ಮಿಷನ್ ಕೆಳಗೆ ಹೋಗು. ಅವಳು ಗದರಿಸುವುದು ಮನೆಯವರನ್ನು ಮಾತ್ರ. ನಾನು ಗೆದ್ದೆ ಅಂದುಕೊಂಡೆ.

ಅಡ್ಡಿಯಾದದ್ದು ಅದರ ಮಾತು. ಮಿಷನ್ನು ಇಂಗ್ಲಿಷಿನಲ್ಲಿ ಏನೋ ಹೇಳುತ್ತಿತ್ತು, ಅಮ್ಮನಿಗೆ ತಿಳಿಯುತ್ತಿರಲಿಲ್ಲ. ನಮಗೆ ಬೇಕಾದ ದನಿಯನ್ನು ಅದಕ್ಕೆ ತುಂಬಬಹುದು ಅಂತ ಓದಿದೆ. ಮಿಮಿಕ್ರಿಯವನ ಕೈಗೆ ಇಂಥದ್ದು ಕೊಡಬಾರದು. ಅಮ್ಮನ ದನಿ ಹಾಕಿದರೆ ಮತ್ತೆ ಅಮ್ಮನೇ ಗುಡಿಸಿದ ಹಾಗಾಗುತ್ತದೆ. ಅಪ್ಪನ ದನಿ ಹಾಕಿದರೆ ಯಾರೂ ನಂಬುವುದಿಲ್ಲ. ನಮ್ಮ ಮನೆಯಲ್ಲಿ ಹೇಳಿದ ಮಾತು ನಡೆಯುವುದು ಒಬ್ಬರದೇ, ಅಪ್ಪನ ಅಕ್ಕ, ಪಾವಗಡದ ಅತ್ತೆಯದು. ಅವರ ಅರ್ಧ ತೆಲುಗು ಅರ್ಧ ಕನ್ನಡದ ಕಂಚಿನ ದನಿಯನ್ನೇ ತುಂಬಿದೆ. ಹೊರಡುವಾಗ: “ಎಲ್ರೂ ಕಾಲೆತ್ಕಳ್ರಪ್ಪಾ, ನಾ ಬಂದೆ.” ಸಿಕ್ಕಿಕೊಂಡಾಗ: “ಏಮಿರಾ, ಇಲ್ಲಿ ಸಿಕ್ಕಾಕ್ಕಂಡು ಒದ್ದಾಡ್ತಿದೀನಿ, ಒಬ್ರಾದ್ರೂ ನೋಡ್ಬಾರ್ದಾ?” ಮುಗಿದಾಗ: “ನಾನಿಲ್ದಿದ್ರೆ ಈ ಮನೇಲಿ ಒಂದ್ ಕೆಲ್ಸ ಆಗಲ್ಲ.” ಮೊದಲ ಸಲ ಕೇಳಿದಾಗ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಓಡಿದಳು. ಓಡಿದಳು ಅನ್ನುವುದನ್ನು ಗಮನಿಸಿ.

ತಿಂಗಳು ಮುಗಿಯುತ್ತ ಬಂತು. ಒಂದನ್ನು ಇಟ್ಟುಕೊಳ್ಳೋಣ ಅಂದರೆ ಅಪ್ಪ, ಅಕ್ಕ ಬರಲಿ, ನೋಡಲಿ, ಅಕ್ಕ ಹೂಂ ಅಂದರೆ ಇರಲಿ ಅಂದರು. ಅಪ್ಪನನ್ನು ಎತ್ತಿ ಆಡಿಸಿದವರು ಅತ್ತೆ. ಅಪ್ಪ ಇನ್ನೂ ಇಳಿದಿಲ್ಲ.

ಅತ್ತೆ ಬಂದರು, ಮೂರು ದಿನ ಇದ್ದರು. ನಾನು ಮಿಷನ್ನಿನ ದನಿಯನ್ನು ಪೂರ್ತಿ ಇಳಿಸಿಟ್ಟಿದ್ದೆ, ಅದು ಮೂಗನಂತೆ ಕೆಲಸ ಮಾಡಿತು. ಅತ್ತೆ ಅದರ ಹಿಂದೆಯೇ ನಡೆದು, ಬೆರಳಲ್ಲಿ ನೆಲ ಮುಟ್ಟಿ ನೋಡಿದರು. ತಪ್ಪು ಸಿಗಲಿಲ್ಲ. ಸಿಗದಿದ್ದುದೇ ತಪ್ಪಾಯಿತು. ಮೂರನೆಯ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ, “ಮನೆ ಹೆಣ್ಣು ಗುಡಿಸ್ದಿದ್ರೆ ಅದು ಮನೆಯೇನ್ರಾ, ಛತ್ರ. ಲಕ್ಷ್ಮಿ ಯಾರ್ ಮುಖ ನೋಡ್ಕಂಡು ಒಳಿಕ್ ಬರ್ತಾಳೆ? ಎರಡೂ ವಾಪಸ್ ಕಳ್ಸಿ” ಅಂದರು. ಅಪ್ಪನ ತಲೆ ತಾನಾಗಿಯೇ ಆಡಿತು. ಇದೇ ಅತ್ತೆ ಹಿಂದಿನ ದಿನ, ತಮ್ಮ ಪಾವಗಡದ ಕಡೆ ಬಯಲಿನಲ್ಲಿ ಬಿಸಿಲಿಗೆ ಹಾಸಿರುವ ಸೋಲಾರ್ ಕರೆಂಟಿನ ಗಾಜುಹಲಗೆಗಳನ್ನು ಒರೆಸುವುದಕ್ಕೂ ಮಿಷನ್ ಬಂದಿದೆ ಅಂತ ಹೆಮ್ಮೆಯಿಂದ ಹೇಳಿದ್ದರು. ಬಯಲಿನ ಗಾಜಿಗೆ ಮಿಷನ್ ಬರಬಹುದು, ನಮ್ಮಮ್ಮ ಬಗ್ಗುವ ನೆಲಕ್ಕೆ ಬರಬಾರದು. ಇದನ್ನು ನಾನು ಜೋರಾಗಿಯೇ ಅಂದೆ. ಅತ್ತೆ ನನ್ನ ಕಡೆ ನೋಡಲೂ ಇಲ್ಲ. ಕೋಡಂಗಿಯಾಗಿ ಬೆಳೆದವನ ನಿಜವಾದ ಮಾತಿಗೂ ಅಷ್ಟೇ ಬೆಲೆ. ಅಮ್ಮ ಅನ್ನ ಬಡಿಸುತ್ತಲೇ ಇದ್ದಳು.

ಮಾರನೆಯ ಬೆಳಗ್ಗೆ ನನಗೆ ಎಚ್ಚರವಾದದ್ದು ಪೊರಕೆಯ ಸದ್ದಿಗೆ. ಸುಯ್, ಸುಯ್, ಸುಯ್, ಟಪ್, ಉಸ್ಸಪ್ಪಾ.

ಅತ್ತೆಯ ಬಸ್ಸು ಹತ್ತೂಕಾಲಕ್ಕೆ. ಮಿಷನ್ನುಗಳು ಸಂಜೆ ಅಂಗಡಿಗೆ ಹೋಗಬೇಕು. ಹೋಗುವ ಮುಂಚೆ ಪೈಲ್ವಾನ್ ಇನ್ನೊಂದು ಸಲ ಗುಡಿಸಲಿ, ಅತ್ತೆಯ ದನಿ ಕೇಳಿ ಅಮ್ಮ ಇನ್ನೊಂದು ಸಲ ನಗಲಿ ಅಂತ ಫೋನಿನಲ್ಲಿ ಹತ್ತೂವರೆಗೆ ತಾನೇ ಹೊರಡುವಂತೆ ಹೊತ್ತು ಗೊತ್ತುಮಾಡಿ, ದನಿಯನ್ನು ತುದಿಯವರೆಗೆ ಏರಿಸಿಟ್ಟೆ. ಲೆಕ್ಕ ತಪ್ಪಿದ್ದು ಎಲ್ಲಿ ಅಂದರೆ, ಅತ್ತೆ ‘ಹೊರಟೆ’ ಅನ್ನುವುದಕ್ಕೂ ಹೊರಡುವುದಕ್ಕೂ ನಡುವೆ ಒಂದು ಬಸ್ಸು ತಪ್ಪುವಷ್ಟು ಹೊತ್ತಿರುತ್ತದೆ. ಕುಂಕುಮ ಆಯಿತು, ತಾಂಬೂಲ ಆಯಿತು, ಹುಣಸೆಹಣ್ಣಿನ ಗಂಟು ಮರೆತು ಹಿಂದೆ ಬಂದದ್ದಾಯಿತು. ಅಪ್ಪ ಸ್ಕೂಟರ್ ಸ್ಟಾರ್ಟ್ ಮಾಡಿಕೊಂಡು ಗೇಟಿನಾಚೆ ಕಾಯುತ್ತಿದ್ದರು. ಅತ್ತೆ ಗೇಟಿಗೆ ಕೈಯಿಟ್ಟಿದ್ದರು. ಒಳಗಿನಿಂದ ಅವರದೇ ಕಂಚಿನ ದನಿ ಬಂತು: “ಎಲ್ರೂ ಕಾಲೆತ್ಕಳ್ರಪ್ಪಾ, ನಾ ಬಂದೆ.”

ಅತ್ತೆ ಗೇಟು ಬಿಟ್ಟು ತಿರುಗಿ ಬಂದರು. ಪೈಲ್ವಾನ್ ಅಂಚಿನ ಕಸ ಹೊಡೆಯುತ್ತ, ನಾನೆಳೆದ ಗೆರೆಯನ್ನು ಲೆಕ್ಕಿಸದೆ ಹೊಸ್ತಿಲ ಮೇಲೆ ಕಾಲಿಟ್ಟು, ಆಚೆಯ ಕಾಲೊರೆಸಿನ ನಾರಿಗೆ ಸಿಕ್ಕಿ ನಿಂತಿತು. ಅತ್ತೆ ಮೆಟ್ಟಿಲ ಕೆಳಗೆ, ಅವರ ದನಿ ಹೊಸ್ತಿಲ ಮೇಲೆ. ಇಲ್ಲಿ ಸಿಕ್ಕಿಕೊಂಡು ಒದ್ದಾಡುತ್ತಿದ್ದೇನೆ, ಒಬ್ಬರಾದರೂ ನೋಡಬಾರದೇ ಅಂತ ಅದು ಅತ್ತೆಯನ್ನೇ ಕೇಳಿತು.

ಯಾರ ಕೆಲಸ ಅಂತ ಅವರಿಗೆ ಹೇಳಬೇಕಾಗಿರಲಿಲ್ಲ. ನನ್ನ ಕಡೆ ಒಂದು ಸಲ ನೋಡಿದರು, ನಾನು ಗೋಡೆಯ ಬಣ್ಣ ಮಿಮಿಕ್ರಿ ಮಾಡಲು ಪ್ರಯತ್ನಿಸಿದೆ. ಆದರೆ ದನಿಯ ವಿಚಾರ ಅವರು ಎತ್ತಲೇ ಇಲ್ಲ. ಅವರಿಗೆ ನಾಟಿದ್ದು ಇನ್ನೊಂದು. ಅಮ್ಮನ ಕಡೆ ತಿರುಗಿ, “ಏನೇ ಸುಶೀಲಾ, ಮೂವತ್ತು ವರ್ಷದಲ್ಲಿ ನಾನ್ ಹೊರಟಾಗ ಒಂದಿನ ಪೊರಕೆ ಮುಟ್ಟಿದೋಳಲ್ಲ ನೀನು. ಇವತ್ತು ನಾನಿನ್ನೂ ಗೇಟ್ ದಾಟಿಲ್ಲ, ಗುಡಿಸಾಕ್ತಿದೀರ. ನಾನೇನ್ ಸತ್ತೋದ್ನಾ?” ಅಂದರು. ದನಿ ಕೊನೆಗೆ ಸ್ವಲ್ಪ ಒಡೆಯಿತು. ಅದನ್ನು ನಾನು ಇವತ್ತಿನವರೆಗೂ ಮಾಡಿ ತೋರಿಸಿಲ್ಲ, ತೋರಿಸುವುದೂ ಇಲ್ಲ. ಅಪ್ಪ ಸ್ಕೂಟರ್ ಆರಿಸಿದರು.

ತಪ್ಪು ನನ್ನದು ಅಂತ ಬಾಯಿ ತೆರೆದೆ. ಅಮ್ಮ ಕೈಯಡ್ಡ ಮಾಡಿ ತಡೆದಳು. ಆಮೇಲೆ ಅವಳು ಹೇಳಿದ್ದು ಎರಡೇ ಮಾತು. ಅದಾದ ಮೇಲೆ ಅತ್ತೆ ಮೆಟ್ಟಿಲು ಹತ್ತಿ, ತಮ್ಮದೇ ದನಿಯ ಆ ಮಿಷನ್ನನ್ನು ಎರಡು ಕೈಯಲ್ಲೂ ಎತ್ತಿ ಒಳಗಿಟ್ಟು, ಹನ್ನೊಂದರ ಬಸ್ಸಿಗೆ ಹೋದರು. ಸಂಜೆ ಶಾನುಭೋಗ ಒಬ್ಬನೇ ಅಂಗಡಿಗೆ ಹೋದ. ನಜೀರ್ ಭಾಯ್‌ಗೆ ನಾನು ದಾರ, ಕಪ್ಪು ಪಟ್ಟಿ, ಹುಣಸೆಹಣ್ಣಿನ ವರದಿಯೆಲ್ಲ ಕೊಟ್ಟೆ, ಕೊನೆಗೆ ಅಮ್ಮನ ಮಾತನ್ನು ಅವಳದೇ ದನಿಯಲ್ಲಿ ಹೇಳಿದೆ. ಅವರು ಗಿರಾಕಿಗಳಿಗೆ ಈಗ ಅದನ್ನೇ ಹೇಳುತ್ತಾರೆ, ಮಿಷನ್ನಿನ ಗುಣ ಹೇಳುವುದಿಲ್ಲ. ಅಮ್ಮ ಅವತ್ತು ಹೊಸ್ತಿಲ ಒಳಗೆ ನೆಟ್ಟಗೆ ನಿಂತುಕೊಂಡು ಅಂದದ್ದು ಇಷ್ಟು:

“ಮುಟ್ಟಿಲ್ಲ ಅತ್ತಿಗೆ, ಮೂವತ್ತು ವರ್ಷ ನಿಮ್ ಬಸ್ಸು ಪಾವಗಡ ಮುಟ್ಟೋಗಂಟ ಕಸದಲ್ಲೇ ಕುಂತಿದ್ದು, ಆಮೇಲೆ ಬಗ್ಗಿದೀನಿ. ಅದುಕ್ಕೆ ಕಾಯಕ್ ಬರಲ್ಲ, ನಂಗೆ ಇನ್ ಬಗ್ಗಕ್ ಬರಲ್ಲ. ಇಬ್ರಲ್ಲಿ ಯಾರಿಗ್ ಕಲಿಸ್ತೀರೋ ಕಲಿಸಿ.”